ಅಂಗನವಾಡಿಯ ಚಾಪೆಯ ಮೇಲೆ ಲೆಕ್ಕದ ಪಾಠ

ಮೈಸೂರಿನಿಂದ ತಿ. ನರಸೀಪುರದ ದಾರಿ ಹಿಡಿದರೆ ವರುಣಾ ದಾಟಿದ ಮೇಲೆ ನಾಲೆ, ಭತ್ತದ ಗದ್ದೆ, ಕಬ್ಬು. ಕಾವೇರಿ ಕಪಿಲೆಯರು ಕೂಡುವ ಊರೆಂದು, ಗುಂಜಾನರಸಿಂಹಸ್ವಾಮಿಯ ಕ್ಷೇತ್ರವೆಂದು ಈ ಊರು ಹೆಸರುವಾಸಿ. ಇದಕ್ಕೆ ಇನ್ನೊಂದು ಹಿರಿಮೆಯೂ ಇದೆ, ಅದನ್ನು ಹೇಳುವವರು ಕಡಿಮೆ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಪ್ರಯೋಗವಾಗಿ ಶುರುವಾದಾಗ ಕರ್ನಾಟಕದಲ್ಲಿ ಆರಿಸಿದ್ದು ಈ ತಾಲ್ಲೂಕನ್ನೇ. ನಮ್ಮ ರಾಜ್ಯದ ಅಂಗನವಾಡಿಗಳ ತವರು ಇದು. ಮೂರರಿಂದ ಆರು ವರ್ಷದ ಮಕ್ಕಳಿಗೆ ಲೆಕ್ಕ ಕಲಿಸುವ ಧೈರ್ಯ ಕಾರ್ಯಕರ್ತೆಯರಿಗೆ ಎಲ್ಲಿಂದ ಬರುತ್ತದೆ ಎಂದು ನೋಡುವ ಆಸೆಯಿಂದ ನಾನು ಬಂದದ್ದೂ ಇಲ್ಲಿಗೆ.

ಊರ ಅಂಚಿನ ಅಂಗನವಾಡಿ. ಒಂದು ದೊಡ್ಡ ಕೋಣೆ, ಪಕ್ಕದಲ್ಲಿ ಅಡುಗೆಮನೆ, ಮೂಲೆಯಲ್ಲಿ ಆಹಾರ ಸಾಮಗ್ರಿಯ ಮೂಟೆಗಳು. ಅಂದು ಅಕ್ಕಪಕ್ಕದ ಊರುಗಳ ಕಾರ್ಯಕರ್ತೆಯರೂ ಬಂದಿದ್ದರು. ವಲಯ ಸಭೆ ಎಂದರೆ ಸಾಮಾನ್ಯವಾಗಿ ರಿಜಿಸ್ಟರ್ ತಪಾಸಣೆ, ಮೊಬೈಲಿನ ಪೋಷಣ್ ಟ್ರ್ಯಾಕರ್‌ನಲ್ಲಿ ತುಂಬದೆ ಉಳಿದದ್ದರ ವಿಚಾರಣೆ. ಮೇಲ್ವಿಚಾರಕಿ ಅದನ್ನೆಲ್ಲ ಮಧ್ಯಾಹ್ನಕ್ಕೆ ಇಟ್ಟುಕೊಂಡು ಎಲ್ಲರನ್ನೂ ಚಾಪೆಯ ಮೇಲೆ ಮಕ್ಕಳ ಜೊತೆ ಕೂರಿಸಿದರು. ಮಧ್ಯೆ ಒಂದು ತಟ್ಟೆ ಹುಣಸೆ ಬೀಜ.

‘ನಂಗೆ ಎಸ್ಸೆಸ್ಸೆಲ್ಸಿಲೇ ಲೆಕ್ಕ ಕೈಕೊಟ್ಟಿತ್ತು. ಹಾಡು, ಕತೆ ಎಷ್ಟು ಬೇಕಾದ್ರೂ ಮಾಡ್ತೀನಿ, ಲೆಕ್ಕ ಮಾತ್ರ ಬೇರೆಯವ್ರು ಮಾಡ್ಲಿ’ ಎಂದರು ಒಬ್ಬ ಹಿರಿಯ ಕಾರ್ಯಕರ್ತೆ. ಉಳಿದವರೂ ತಲೆಯಾಡಿಸಿದರು.

ನಾಲ್ಕು ವರ್ಷದ ಹುಡುಗಿಯೊಬ್ಬಳ ಮುಂದೆ ಐದು ಬೀಜ ಸಾಲಾಗಿ ಇಟ್ಟರು. ಅವಳು ಬೆರಳಿಟ್ಟು ಎಣಿಸಿದಳು. ಆರು ಬಂತು. ‘ತಪ್ಪು, ಇನ್ನೊಂದ್ಸಲ ಹೇಳು’ ಎಂಬ ಮಾತು ಅದೇ ಹಿರಿಯ ಕಾರ್ಯಕರ್ತೆಯ ಬಾಯಿಂದ ಹೊರಟೇಬಿಟ್ಟಿತು. ಮೇಲ್ವಿಚಾರಕಿ ತಡೆದರು. ‘ಅವಳ ಬೆರಳು ನೋಡಿದ್ರಾ?’ ಯಾರೂ ನೋಡಿರಲಿಲ್ಲ. ಮತ್ತೆ ಎಣಿಸಲು ಹೇಳಿದರು. ಈ ಸಲ ಎಲ್ಲರ ಕಣ್ಣೂ ಬೆರಳಿನ ಮೇಲೆ. ಒಂದು, ಎರಡು ಎಂಬ ಹೆಸರುಗಳನ್ನು ಹುಡುಗಿ ಸರಿಯಾಗಿಯೇ ಹೇಳುತ್ತಿದ್ದಳು. ಕೊನೆಯ ಬೀಜವನ್ನು ಮಾತ್ರ ಎರಡು ಸಲ ಮುಟ್ಟುತ್ತಿದ್ದಳು. ಮುಟ್ಟಿದ ಬೀಜವನ್ನು ಪಕ್ಕಕ್ಕೆ ಸರಿಸುತ್ತಾ ಎಣಿಸು ಎಂದಾಗ ಐದು ಬಂತು.

ಆಮೇಲೆ ಇಪ್ಪತ್ತರವರೆಗೆ ಒಂದೇ ಉಸಿರಿಗೆ ಒಪ್ಪಿಸಿದ ಹುಡುಗನನ್ನು ಕರೆದು ‘ನಂಗೆ ಮೂರು ಬೀಜ ಕೊಡಪ್ಪ’ ಎಂದರು. ಅವನು ಮುಷ್ಟಿ ತುಂಬ ಕೊಟ್ಟ. ಕಾರ್ಯಕರ್ತೆಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಒಂದು ವಸ್ತುವಿಗೆ ಒಂದೇ ಸಂಖ್ಯೆ, ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಮೊತ್ತ: ಎಣಿಕೆಯ ಇಂಥ ಐದು ಸೂತ್ರಗಳನ್ನು 1978ರಲ್ಲಿ ರೋಶೆಲ್ ಗೆಲ್ಮನ್ ಮತ್ತು ರ‍್ಯಾಂಡಿ ಗ್ಯಾಲಿಸ್ಟೆಲ್ ತಮ್ಮ ಪುಸ್ತಕದಲ್ಲಿ ವಿವರಿಸಿದರು. ಹುಡುಗಿ ಎಡವಿದ್ದು ಮೊದಲನೆಯದರಲ್ಲಿ, ಹುಡುಗ ಇನ್ನೂ ಮುಟ್ಟದಿದ್ದದ್ದು ಎರಡನೆಯದನ್ನು. ಸೂತ್ರದ ಹೆಸರು ಆ ಚಾಪೆಯ ಮೇಲೆ ಯಾರಿಗೂ ಬೇಕಾಗಲಿಲ್ಲ. ಮಗು ಎಲ್ಲಿ ಎಡವಿತು ಎಂದು ಕಣ್ಣಾರೆ ಕಂಡದ್ದೇ, ಲೆಕ್ಕ ಬೇಡವೆಂದ ಹಿರಿಯರು ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡು ಪಕ್ಕದ ಮಗುವನ್ನು ಕೇಳತೊಡಗಿದರು.

ನಾನು ಎದ್ದು ಕೋಣೆ ಸುತ್ತಿದೆ. ಗೋಡೆಯ ಮೇಲೆ ಒಂದರಿಂದ ನೂರರವರೆಗಿನ ಪಟ, ದೊಡ್ಡವರ ಕಣ್ಣಿನ ಮಟ್ಟಕ್ಕೆ. ಮಕ್ಕಳ ಕೈಗೆ ಎಟುಕದ ಆ ಪಟಕ್ಕಿಂತ ಬಾಗಿಲ ಮುಂದಿನ ರಂಗೋಲಿಯಲ್ಲಿ ಹೆಚ್ಚು ಗಣಿತವಿತ್ತು. ಏಳು ಚುಕ್ಕಿ, ನಾಲ್ಕರವರೆಗೆ ಸಂದು ಚುಕ್ಕಿ, ಒಟ್ಟು 37. ಸಹಾಯಕಿ ಬೆಳಿಗ್ಗೆ ಅದನ್ನು ತಪ್ಪಿಲ್ಲದೆ ಇಟ್ಟಿದ್ದರು. ಅಡುಗೆಮನೆಯಲ್ಲಿ ಇಷ್ಟು ಮಕ್ಕಳಿಗೆ ಇಷ್ಟು ಅಕ್ಕಿ, ಇಷ್ಟು ಬೇಳೆ ಎಂಬ ಅಳತೆ ದಿನವೂ ನಡೆಯುತ್ತದೆ. ತಿಂಗಳಿಗೊಮ್ಮೆ ಮಕ್ಕಳ ತೂಕ ನೋಡಿ, ವಯಸ್ಸಿಗೆ ತಕ್ಕ ಬೆಳವಣಿಗೆ ಇದೆಯೇ ಎಂದು ಗೆರೆಯ ಏರಿಳಿತ ಓದುವವರೂ ಇದೇ ಕಾರ್ಯಕರ್ತೆಯರು. ಹೈಸ್ಕೂಲಿನ ಬೀಜಗಣಿತದಲ್ಲಿ ಸೋತವರು ಎಂದ ಮಾತ್ರಕ್ಕೆ ಇವರಿಗೆ ಲೆಕ್ಕ ಬರುವುದಿಲ್ಲ ಎನ್ನುವುದು ಅನ್ಯಾಯ.

ಆ ಅಂಜಿಕೆ ಮಕ್ಕಳಿಗೂ ದಾಟುತ್ತದೆ. ಸಿಯಾನ್ ಬೈಲಾಕ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಒಂದು, ಎರಡನೇ ತರಗತಿಯ 17 ಶಿಕ್ಷಕಿಯರನ್ನೂ ಅವರ ಮಕ್ಕಳನ್ನೂ ಅಧ್ಯಯನ ಮಾಡಿ 2010ರಲ್ಲಿ ಪ್ರಕಟಿಸಿದರು. ಶಿಕ್ಷಕಿಗೆ ಗಣಿತದ ಭಯ ಹೆಚ್ಚಿದ್ದಷ್ಟೂ, ಲೆಕ್ಕ ಗಂಡುಮಕ್ಕಳಿಗೆ ಸೇರಿದ್ದು ಎಂಬ ನಂಬಿಕೆ ವರ್ಷದ ಕೊನೆಗೆ ಹೆಣ್ಣುಮಕ್ಕಳಲ್ಲಿ ಹೆಚ್ಚಿತ್ತು. ಹಾಗೆ ನಂಬಿದವರು ಗಣಿತದಲ್ಲಿ ಹಿಂದುಳಿದಿದ್ದರು. ಅಂಗನವಾಡಿಯಲ್ಲಿ ಕಲಿಸುವವರೆಲ್ಲ ಹೆಂಗಸರೇ ಆದ್ದರಿಂದ ಈ ಮಾತು ನನ್ನನ್ನು ಬಹಳ ಕಾಡುತ್ತದೆ.

ಆಟದ ಸಾಮಾನು ಕೊಟ್ಟುಬಿಟ್ಟರೆ ಸಾಕು ಎನ್ನುವವರೂ ಇದ್ದಾರೆ. ದೆಹಲಿಯಲ್ಲಿ ಪ್ರಥಮ್ ಸಂಸ್ಥೆಯ ಜೊತೆ ಎಸ್ತರ್ ಡುಫ್ಲೊ, ಎಲಿಜಬೆತ್ ಸ್ಪೆಲ್ಕಿ ಮೊದಲಾದವರು ಶಾಲೆಗೆ ಸೇರುವ ಮುಂಚಿನ ಮಕ್ಕಳಿಗೆ ಗಣಿತದ ಆಟ ಆಡಿಸಿ ನೋಡಿದರು. 2017ರಲ್ಲಿ ಹೊರಬಂದ ಆ ಅಧ್ಯಯನದ ಪ್ರಕಾರ ಪ್ರಮಾಣ, ಆಕಾರಗಳನ್ನು ಗ್ರಹಿಸುವ ಶಕ್ತಿ ಬೆಳೆದು ಉಳಿಯಿತು. ಶಾಲೆಯ ಲೆಕ್ಕಕ್ಕೆ ಮಾತ್ರ ಅದು ಒದಗಲಿಲ್ಲ. ಕೈಯಲ್ಲಿರುವ ಬೀಜಕ್ಕೂ ಬಾಯಲ್ಲಿರುವ ‘ಐದು’ ಎಂಬ ಮಾತಿಗೂ ಸ್ಲೇಟಿನ ಮೇಲಿನ 5ಕ್ಕೂ ಯಾರಾದರೂ ಕೊಂಡಿ ಹಾಕಬೇಕು. ಅದು ಟೀಚರ್ ಕೆಲಸ.

ಹಾಗೆಂದು ಬರಿಯ ಭಾಷಣದ ತರಬೇತಿಯಿಂದ ಇದು ಆಗದು. ಇದೇ ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ 1990ರ ದಶಕದಲ್ಲಿ ನಲಿ-ಕಲಿ ಎಂಬ ಕಲಿಕಾ ಪದ್ಧತಿ ಹುಟ್ಟಿದ್ದು ಶಿಕ್ಷಕರು ರಿಷಿವ್ಯಾಲಿಯ ಶಾಲೆಗಳಿಗೆ ಹೋಗಿ ಕಣ್ಣಾರೆ ನೋಡಿ ಬಂದು, ಕಲಿಕೆಯ ಕಾರ್ಡುಗಳನ್ನು ತಾವೇ ರೂಪಿಸಿದ್ದರಿಂದ. ಅಂಗನವಾಡಿಗಳಿಗೆ ‘ಚಿಲಿಪಿಲಿ’ ಪಠ್ಯಕ್ರಮವಿದೆ, 2023ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಪೋಷಣ್ ಭೀ ಪಢಾಯೀ ಭೀ’ ತರಬೇತಿಯೂ ಇದೆ. ಕಲಿತು ಬಂದದ್ದನ್ನು ಮಕ್ಕಳ ಮುಂದೆ, ಜೊತೆಯವರ ಎದುರು ಮಾಡಿ ನೋಡುವ ಅವಕಾಶ ಬೇಕು. ಸಮಯವಂತೂ ಬೇಕೇ ಬೇಕು. ತಮಿಳುನಾಡಿನಲ್ಲಿ ಅಂಗನವಾಡಿಗೆ ಅರೆಕಾಲಿಕ ಕಾರ್ಯಕರ್ತೆಯೊಬ್ಬರನ್ನು ಹೆಚ್ಚುವರಿಯಾಗಿ ಕೊಟ್ಟು ನೋಡಿದಾಗ ಮಕ್ಕಳಿಗೆ ಕಲಿಸುವ ಹೊತ್ತು ದುಪ್ಪಟ್ಟಾಯಿತು, ಲೆಕ್ಕ ಮತ್ತು ಭಾಷೆ ಎರಡರಲ್ಲೂ ಕಲಿಕೆ ಸುಧಾರಿಸಿತು. ನಮ್ಮ ರಾಜ್ಯವೂ ಇದನ್ನು ಮಾಡಬೇಕು. ಅಲ್ಲಿಯವರೆಗೆ ಪ್ರತಿ ವಲಯ ಸಭೆಯ ಮೊದಲ ಅರ್ಧ ಗಂಟೆಯನ್ನಾದರೂ ರಿಜಿಸ್ಟರ್ ಮುಚ್ಚಿಟ್ಟು ಚಾಪೆಗೆ ಮೀಸಲಿಡಬಹುದು; ಅದಕ್ಕೆ ಹಣ ಬೇಡ, ಮೇಲಿನವರ ಒಪ್ಪಿಗೆ ಸಾಕು.

ಹೊರಡುವ ಮುಂಚೆ ಕಾರ್ಯಕರ್ತೆಯರು ಹೇಳಿಕೊಂಡ ಸಂಕಟ ಒಂದೇ. ಮಗುವನ್ನು ಕರೆದೊಯ್ಯಲು ಬರುವ ತಂದೆತಾಯಂದಿರು ‘ನೂರರವರೆಗೆ ಬರೆಸಿದ್ರಾ?’ ಎಂದು ಕೇಳುತ್ತಾರೆ. ಬೀಜ ಎಣಿಸಿದ್ದನ್ನು ಆಟವೆಂದು ತಳ್ಳಿಹಾಕುತ್ತಾರೆ. ಪಕ್ಕದ ಕಾನ್ವೆಂಟಿನ ಮಗುವಿನ ನೋಟ್‌ಬುಕ್ ತೋರಿಸುತ್ತಾರೆ. ಆಗ ಟೀಚರ್‌ಗೆ ಹುಟ್ಟಿದ ಧೈರ್ಯ ಅಲ್ಲೇ ಕುಗ್ಗಿ, ಮರುದಿನ ಮತ್ತೆ ಕಂಠಪಾಠ ಶುರುವಾಗುತ್ತದೆ.

ನಿಮ್ಮ ಮನೆಯಲ್ಲೂ ಆ ವಯಸ್ಸಿನ ಮಗುವಿದ್ದರೆ ಎಷ್ಟರವರೆಗೆ ಬರುತ್ತದೆ ಎಂದು ಕೇಳಬೇಡಿ. ಊಟಕ್ಕೆ ಕೂರುವಾಗ ‘ನಾಲ್ಕು ಲೋಟ ತಾ’ ಎಂದು ಹೇಳಿ ನೋಡಿ. ಸರಿಯಾಗಿ ನಾಲ್ಕೇ ತಂದರೆ, ಮರುದಿನ ಅಂಗನವಾಡಿಯ ಬಾಗಿಲಲ್ಲಿ ಅದನ್ನು ಟೀಚರ್‌ಗೆ ತಪ್ಪದೆ ತಿಳಿಸಿ.