ಕಬ್ಬಿನ ಗದ್ದೆಯ ಮೇಲೊಂದು ಕೆಂಗಣ್ಣು

2007ರಲ್ಲಿ ಸಮುದಾಯ ಮೀಸಲು ಪ್ರದೇಶವಾದ ಕೊಕ್ಕರೆ ಬೆಳ್ಳೂರಿಗೆ ಹೆಜ್ಜಾರ್ಲೆ ನೋಡಲು ಬರುವವರು ಅದೇ ಮದ್ದೂರು ತಾಲ್ಲೂಕಿನ ಕೊಪ್ಪದ ಕಡೆ ತಿರುಗಿಯೂ ನೋಡುವುದಿಲ್ಲ. ಸಕ್ಕರೆ ಕಾರ್ಖಾನೆಯ ಊರಲ್ಲಿ ಹಕ್ಕಿ ಏನಿರುತ್ತೆ ಎಂಬ ಲೆಕ್ಕಾಚಾರ. ಕಬ್ಬು ಕಡಿಯುವ ಕಾಲದಲ್ಲಿ, ಬಿಸಿಲೇರುವ ಮುಂಚೆ ಗಾಡಿದಾರಿ ಹಿಡಿದು ಗದ್ದೆಬಯಲಿಗೆ ಇಳಿದವರಿಗೆ ಬೇರೆಯೇ ಲೆಕ್ಕ ಸಿಗುತ್ತದೆ.

ಆಳೆತ್ತರದ ಕಬ್ಬು ಇಲಿಗಳಿಗೆ ಕೋಟೆ. ಕಟಾವಾದ ದಿನ ಕೋಟೆ ಬಿದ್ದು ಇಲಿ, ಹೆಗ್ಗಣ ದಿಕ್ಕಾಪಾಲು. ತರಗಿಗೆ ಬೆಂಕಿ ಹಾಕಿದರಂತೂ ಹೊಗೆಯಂಚಿನಲ್ಲೇ ಹದ್ದುಗಳು ಸುತ್ತು ಹೊಡೆಯುತ್ತವೆ. ಬಾಲ ನೋಡಿ: ಕವಲೊಡೆದಿದ್ದರೆ ಹದ್ದು, ದುಂಡಗಿದ್ದರೆ ಗರುಡ. ಎಳೆಯ ಗರುಡಕ್ಕೆ ಇನ್ನೂ ಕಂದು ಬಣ್ಣ. ಹದ್ದೆಂದುಕೊಂಡು ಯಾರೂ ಕೈಮುಗಿಯುವುದಿಲ್ಲ, ಪಾಪ.

ನನ್ನ ಓಟು ಮಾತ್ರ ರಾಮದಾಸ ಹದ್ದಿಗೆ. ಗಾತ್ರ ಕಾಗೆಯನ್ನು ಮೀರದು. ಬೂದು ಬೆನ್ನು, ಬಿಳಿ ಹೊಟ್ಟೆ, ಭುಜದಲ್ಲಿ ಕಪ್ಪು ಪಟ್ಟೆ, ಕೆಂಡದಂಥ ಕಣ್ಣು. ಕರೆಂಟು ತಂತಿಯಿಂದ ಎದ್ದು, ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತುಬಿಡುತ್ತದೆ. ಮೈಯೆಲ್ಲ ಅಲ್ಲಾಡಿದರೂ ತಲೆ ಕದಲದು. ಕಾಲು ಇಳಿಬಿಟ್ಟು ಒಂದಿಷ್ಟು ಕೆಳಗೆ, ಮತ್ತೆ ನಿಂತು, ಇನ್ನಷ್ಟು ಕೆಳಗೆ. ಕೊನೆಗೆ ರೆಕ್ಕೆಗಳನ್ನು ಮೇಲೆತ್ತಿ ಸರ್ರನೆ ಇಳಿಯುತ್ತದೆ. ಗುರಿ ತಪ್ಪಿದರೆ ಮತ್ತೆ ತಂತಿ, ಮತ್ತೆ ಕಾವಲು.

ತೆಂಗಿನ ತೋಟದಲ್ಲಿ ಅಳಿಲುಗಳು ಒಂದೇ ಸಮನೆ ಚೀರಿದರೆ ಬಿಜ್ಜು ಎಂಬ ಬೇಟೆಹಕ್ಕಿ ಬಂದಿದೆ ಎಂದರ್ಥ. ಚಳಿಗಾಲಕ್ಕೆ ಉತ್ತರದಿಂದ ವಲಸೆ ಬರುವ ಸೆಳೆವ ಎಂಬ ಬೇಟೆಹಕ್ಕಿಗಳು ಬಯಲಿಗೆ ಮೈ ತಾಗಿಸಿದಷ್ಟು ಕೆಳಗೆ ತೇಲುತ್ತವೆ. ಮೀನು ಹದ್ದು, ನೀರುನಾಯಿ ಬೇಕೆಂದರೆ ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಗೇ ಹೋಗಬೇಕು. ಅದು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಧಾಮದ ದಂಡೆ.

ಕೊಪ್ಪದ ಬಯಲಿಗೆ ಅಂಥ ರಕ್ಷಣೆ ಇಲ್ಲ. ಇರುವುದು ಇಲಿಮದ್ದು. ಬ್ರೊಮಾಡಿಯೊಲೋನ್ ರಕ್ತ ಹೆಪ್ಪುಗಟ್ಟದಂತೆ ಮಾಡಿ ಕೊಲ್ಲುವ ವಿಷ. ತಿಂದ ಇಲಿ ಸಾಯಲು ಕೆಲವು ದಿನ ಹಿಡಿಯುತ್ತದೆ. ಅಷ್ಟರಲ್ಲಿ ಮಂಕಾಗಿ ಬಯಲಿಗೆ ಬಂದ ಇಲಿ ಯಾವ ಹದ್ದಿಗೂ ಸುಲಭದ ತುತ್ತು; ತುತ್ತಿನೊಡನೆ ವಿಷವೂ ಅದರ ಹೊಟ್ಟೆಗೆ. ರಾತ್ರಿ ಪಾಳಿಯ ಗೂಬೆಗೂ ಅದೇ ಗತಿ. ಬಿಟ್ಟಿಯಾಗಿ ಇಲಿ ಹಿಡಿಯುವವರನ್ನೇ ದುಡ್ಡು ಕೊಟ್ಟು ಕೊಂದಂತಾಯಿತು.

ರೈತರಲ್ಲಿ ಕೇಳುವುದಿಷ್ಟೆ: ಮದ್ದಿಡುವ ಮುಂಚೆ ಭತ್ತದ ಗದ್ದೆಯಲ್ಲಿ ಹಕ್ಕಿ ಕೂರಲು ಟಿ ಆಕಾರದ ನಾಲ್ಕು ಕಂಬ ನೆಟ್ಟು ನೋಡಿ. ಬದುವಿನ ಒಂಟಿ ಜಾಲಿಮರಕ್ಕೆ ಕೊಡಲಿ ಹಾಕಬೇಡಿ.