ಚರ್ಮದ ಬೆಸುಗೆ, ಚರ್ಮದ ಕತ್ತರಿ

ದೇವನಹಳ್ಳಿ ತಾಲ್ಲೂಕಿನ ಆವತಿ ರೇಷ್ಮೆ ಸೀಮೆಯ ಊರು. ಹುಳು 'ಜ್ವರಕ್ಕೆ ಕೂರುವುದು' ಅಲ್ಲಿನ ಮಕ್ಕಳಿಗೆ ಹೊಸ ಮಾತಲ್ಲ. ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆಯೆತ್ತಿ ನಿಶ್ಚಲವಾಗುವ ಹುಳು ಹಳೆಯ ಪೊರೆಯನ್ನು ಕಳಚಿ ಹೊರಬರುತ್ತದೆ. ಗೂಡು ಕಟ್ಟುವ ಮೊದಲು ನಾಲ್ಕು ಬಾರಿ ಹೀಗಾಗುತ್ತದೆ. ಆ ಪೊರೆಯನ್ನು ಒಳಗಿನಿಂದ ಕರಗಿಸಿ ಸಡಿಲಗೊಳಿಸುವುದು ಕಿಣ್ವಗಳು.

ನಾವೂ ಪೊರೆ ಕಳಚುತ್ತೇವೆ. ಆದರೆ ದಿನವೂ, ಕಣ್ಣಿಗೆ ಕಾಣದಷ್ಟು ಚೂರುಚೂರಾಗಿ. ಹೊರಚರ್ಮದ ತಳದಲ್ಲಿ ಹುಟ್ಟಿದ ಜೀವಕೋಶ ಮೇಲೇರುತ್ತಾ ಸತ್ತು, ಗಟ್ಟಿಯಾಗಿ, ಸುಮಾರು ಒಂದು ತಿಂಗಳಲ್ಲಿ ಉದುರುತ್ತದೆ. ಇಲ್ಲಿ ಎರಡು ಬಗೆಯ ಕಿಣ್ವಗಳು ದುಡಿಯುತ್ತವೆ. ಟ್ರಾನ್ಸ್‌ಗ್ಲುಟಮಿನೇಸ್‌ಗಳು ಪ್ರೋಟೀನುಗಳನ್ನು ಒಂದಕ್ಕೊಂದು ಬೆಸೆದು ಕೋಶಕ್ಕೆ ಗಟ್ಟಿ ಕವಚ ಕಟ್ಟುತ್ತವೆ. ಕ್ಯಾಲಿಕ್ರೀನ್‌ಗಳು ಕೋಶಗಳ ನಡುವಣ ಕೊಂಡಿಗಳನ್ನು ಕತ್ತರಿಸುತ್ತವೆ. ಬೆಸುಗೆಯೂ ಕತ್ತರಿಯೂ ಹದವಾಗಿದ್ದರೆ ಚರ್ಮ ಆರೋಗ್ಯವಾಗಿರುತ್ತದೆ.

ಹದ ತಪ್ಪಿದರೆ? ಅಂಗೈ, ಅಂಗಾಲು, ಬೆರಳುಗಳ ಮೇಲ್ಪದರ ಸುಲಿದು ಬರುವ ಅಪರೂಪದ ಅನುವಂಶೀಯ ಕಾಯಿಲೆಯೊಂದಿದೆ. ಟ್ರಾನ್ಸ್‌ಗ್ಲುಟಮಿನೇಸ್-5 ತಯಾರಿಸುವ ಜೀನಿನ ದೋಷ ಇದಕ್ಕೆ ಕಾರಣವೆಂದು 2005ರಲ್ಲಿ ತಿಳಿಯಿತು. ಬೆಸುಗೆ ಸಾಲದೆ ಮೇಲಿನ ಗಟ್ಟಿ ಪದರ ಕೆಳಗಿನದರಿಂದ ಬಿಟ್ಟುಕೊಳ್ಳುತ್ತದೆ. ಸೆಕೆ, ಬೆವರು, ನೀರು, ಉಜ್ಜಾಟಗಳಿಂದ ಸುಲಿಯುವುದು ಹೆಚ್ಚುತ್ತದೆ. ಸುಲಿದ ಜಾಗ ಕೆಂಪಾಗಿ ಕಂಡರೂ ಕಲೆಯುಳಿಯದೆ ಮಾಯುತ್ತದೆ. ನೆದರ್ಟನ್ ಎಂಬ ಇನ್ನೊಂದು ಕಾಯಿಲೆಯಲ್ಲಿ ತಪ್ಪುವುದು ಕತ್ತರಿಯ ಹದ. ಕ್ಯಾಲಿಕ್ರೀನ್‌ಗಳಿಗೆ ಕಡಿವಾಣ ಹಾಕುವ ಪ್ರೋಟೀನಿನ ಜೀನು ಕೆಟ್ಟಿರುತ್ತದೆ. ಕತ್ತರಿ ಹೊತ್ತಿಗೆ ಮುಂಚೆಯೇ ಕೆಲಸಕ್ಕಿಳಿಯುತ್ತದೆ. ಈ ಜೀನು ಪತ್ತೆಯಾದದ್ದು 2000ದಲ್ಲಿ.

ಎರಡೂ ಕಾಯಿಲೆಗಳಲ್ಲಿ ಮಗುವಿಗೆ ದೋಷಯುಕ್ತ ಜೀನು ತಂದೆ, ತಾಯಿ ಇಬ್ಬರಿಂದಲೂ ಬಂದಿರಬೇಕು. ಒಂದೊಂದೇ ದೋಷಯುಕ್ತ ಪ್ರತಿಯಿರುವ ತಂದೆತಾಯಿಗಳು ಆರೋಗ್ಯವಾಗಿಯೇ ಇರುತ್ತಾರೆ. ಅಂಥವರ ಪ್ರತಿ ಮಗುವಿಗೂ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ರಕ್ತಸಂಬಂಧಿಗಳಲ್ಲಿ ಒಂದೇ ದೋಷ ಇಬ್ಬರಲ್ಲೂ ಇರುವ ಸಾಧ್ಯತೆ ಹೆಚ್ಚು. ನಮ್ಮ ಕಡೆ ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿಯಿರುವುದರಿಂದ ಈ ಲೆಕ್ಕವನ್ನು ನೀವು ತಿಳಿದಿರಬೇಕು.

ಮೂಲದೋಷವನ್ನೇ ಸರಿಪಡಿಸುವ ಔಷಧ ಇನ್ನೂ ಬಳಕೆಗೆ ಬಂದಿಲ್ಲ. ಅಂಗೈ ಸುಲಿಯುವವರಿಗೆ ಚರ್ಮವನ್ನು ತಂಪಾಗಿ, ಬೆವರಿಲ್ಲದಂತೆ ಇಟ್ಟುಕೊಳ್ಳುವುದು, ವೈದ್ಯರು ಹೇಳಿದ ಮುಲಾಮು ಹಚ್ಚುವುದು ನೆರವಾಗುತ್ತದೆ. ನಿಮ್ಮ ತರಗತಿಯಲ್ಲಿ ಹೀಗೆ ಅಂಗೈ ಸುಲಿಯುವ ಗೆಳೆಯನಿದ್ದರೆ, ಅವನ ಪಕ್ಕದಿಂದ ಎದ್ದು ಹೋಗಬೇಡಿ. ಇದು ಅಂಟು ಸಾಲದ ರೋಗ, ಅಂಟುರೋಗವಲ್ಲ.