ಗಾಳವೂ ಒಂದು ಆಯುಧ

ಮೀನು ಹಿಡಿಯುವವರಲ್ಲಿ ಎರಡು ಬಗೆ. ಹೊಟ್ಟೆಗಾಗಿ ಹಿಡಿಯುವವರು ಒಂದು ಬಗೆ. ಹೊತ್ತು ಕಳೆಯುವುದಕ್ಕಾಗಿ ಹಿಡಿಯುವವರು ಇನ್ನೊಂದು ಬಗೆ. ಮೊದಲಿನವರಿಗೆ ಮೀನು ಜೀವನೋಪಾಯ, ಎರಡನೆಯವರಿಗೆ ವಿನೋದ. ಗಾಳಕ್ಕೆ ಸಿಕ್ಕ ಮೀನಿಗೆ ಇವರಿಬ್ಬರಲ್ಲಿ ಭೇದ ಕಾಣಲಾರದು. ಆದರೆ ಧರ್ಮಕ್ಕೆ ಕಾಣಬೇಕೇ? ಕಾನೂನಿಗೆ ಕಾಣುತ್ತದೆಯೇ? ರಕ್ಷಿತವೆಂದು ಸಾರಿದ ನದಿಯ ಪಾತ್ರದಲ್ಲಿ, ಕಡಲಿನ ವಲಯದಲ್ಲಿ, ವಿನೋದಕ್ಕೆಂದು ಗಾಳ ಇಳಿಸಿದವನಿಗೆ ಶಿಕ್ಷೆ ಏಕೆ, ಎಷ್ಟು, ಮತ್ತು ಅದು ನ್ಯಾಯವೇ ಎಂಬ ಮೂರು ಪ್ರಶ್ನೆಗಳನ್ನು ತಮ್ಮ ಮುಂದಿಡಬೇಕೆಂದಿದ್ದೇನೆ.

ಕಡಲನ್ನೇ ಕಾಣದ ತುಮಕೂರಿನವನಿಗೆ ಕಡಲಿನ ಮಾತೇಕೆ ಎಂದು ತಾವು ಕೇಳಬಹುದು. ಆದರೆ ನೀರಿಗೆ ಜಿಲ್ಲೆಯ ಗಡಿ ತಿಳಿಯದು. ನಮ್ಮ ದೇವರಾಯನದುರ್ಗದ ಸೀಮೆಯಲ್ಲಿ ಹುಟ್ಟುವ ಶಿಂಷೆ ಗುಬ್ಬಿ ತಾಲ್ಲೂಕಿನ ಕಡಬದ ಕೆರೆಗೆ ನೀರುಣಿಸಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲಿ ಕೊಂಚ ವಿಶ್ರಮಿಸಿ, ಮಂಡ್ಯ ಜಿಲ್ಲೆಯನ್ನು ಹಾದು ಕಾವೇರಿಯನ್ನು ಸೇರುತ್ತದೆ. ಕಾವೇರಿ ಮುಂದೆ ಕಾಡಿನ ನಡುವೆ ಹರಿದು, ಕೊನೆಗೆ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಕೆರೆ, ನದಿ, ಕಡಲು ಒಂದೇ ಕಥೆಯ ಮೂರು ಅಧ್ಯಾಯಗಳು. ಶಿಕ್ಷೆಯ ವಿಚಾರದಲ್ಲಿ ಮಾತ್ರ ಮೂರಕ್ಕೂ ಬೇರೆ ಬೇರೆ ನ್ಯಾಯ.

ಕೆರೆಯ ನ್ಯಾಯ ಸರಳವಾದದ್ದು. ನಮ್ಮ ಕಡೆ ಕೆರೆಯ ಮೀನನ್ನು ಹರಾಜಿಗೋ ಗುತ್ತಿಗೆಗೋ ಕೊಡುವ ಪದ್ಧತಿಯಿದೆ. ಗುತ್ತಿಗೆ ಹಿಡಿದವನು ಮರಿ ಬಿಡುತ್ತಾನೆ, ಕಾಯುತ್ತಾನೆ, ಬಲೆ ಬೀಸುತ್ತಾನೆ. ಮತ್ತೊಬ್ಬ ಬಂದು ಗಾಳ ಹಾಕಿದರೆ ಅದು ಪರರ ಸ್ವತ್ತಿಗೆ ಕೈ ಹಾಕಿದಂತೆ. ಇಲ್ಲಿ ದಂಡ ರಕ್ಷಿಸುವುದು ಮೀನನ್ನಲ್ಲ, ಮೀನಿನ ಒಡೆತನವನ್ನು.

ಇನ್ನೊಂದು ನ್ಯಾಯ ದೇವರ ಹೆಸರಿನದು. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಬಳಿ, ರಾಮನಾಥಪುರದಲ್ಲಿ ಕಾವೇರಿಯ ಮಡುವಿನಲ್ಲಿ, ದಕ್ಷಿಣ ಕನ್ನಡದ ಶಿಶಿಲದಲ್ಲಿ ದೇವಾಲಯದೆದುರಿನ ಕಪಿಲೆಯಲ್ಲಿ, ಮೊಳದುದ್ದದ ಮೀನುಗಳು ಭಕ್ತರ ಕೈಯ ಪುರಿಗೆ ಬಾಯಿ ಒಡ್ಡುವುದನ್ನು ತಾವು ಕಂಡಿರಬಹುದು. ಅಲ್ಲಿ ಗಾಳ ಹಾಕಬೇಡ ಎಂದು ಯಾರೂ ಹೇಳಬೇಕಾಗಿಲ್ಲ. ಊರಿನ ಕಣ್ಣೇ ಕಾವಲು, ಪಾಪದ ಭಯವೇ ದಂಡ. ಆದರೆ ಈ ದಂಡಕ್ಕೆ ಹೆದರದವನು ಬಂದರೆ? 1996ರಲ್ಲಿ ಶಿಶಿಲದ ಹೊಳೆಗೆ ಯಾರೋ ವಿಷ ಬೆರೆಸಿ ಸಾವಿರಾರು ಮೀನುಗಳು ಸತ್ತುವು. ಆ ಮೀನುಗಳ ನೆನಪಿಗೆ ಅಲ್ಲಿ ಒಂದು ಸ್ಮಾರಕವೇ ಇದೆ. ನಂಬಿಕೆ ನಂಬುವವನನ್ನು ಮಾತ್ರ ತಡೆಯಬಲ್ಲದು. ನಂಬದವನನ್ನು ತಡೆಯಲು ರಾಜಶಾಸನ ಬೇಕು.

ರಾಜಶಾಸನವೆಂದಾಗ ನಮ್ಮ ಇತಿಹಾಸದ ಇಬ್ಬರು ಅರಸರು ನೆನಪಿಗೆ ಬರುತ್ತಾರೆ. ಒಬ್ಬನು ಅಶೋಕ. ಪಟ್ಟಾಭಿಷೇಕವಾಗಿ ಇಪ್ಪತ್ತಾರು ವರ್ಷಗಳಾದ ಮೇಲೆ ಅವನು ಹೊರಡಿಸಿದ ಐದನೆಯ ಸ್ತಂಭಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿಯಿದೆ. ಅದರಲ್ಲಿ ಕೆಲವು ಮೀನುಗಳ ಹೆಸರೂ ಇವೆ. ಗೊತ್ತುಪಡಿಸಿದ ಹುಣ್ಣಿಮೆಗಳಲ್ಲಿ ಮತ್ತು ಉಪವಾಸದ ದಿನಗಳಲ್ಲಿ ಮೀನನ್ನು ಕೊಲ್ಲಬಾರದು, ಮಾರಲೂ ಬಾರದು ಎಂಬ ಕಟ್ಟಳೆಯಿದೆ. ಆನೆಗಳ ಕಾಡನ್ನೂ ಮೀನುಗಾರರಿಗೆ ಮೀಸಲಾದ ನೀರನ್ನೂ ಶಾಸನ ಬೇರೆಯಾಗಿ ಹೆಸರಿಸಿ, ಆ ದಿನಗಳಲ್ಲಿ ಅಲ್ಲಿ ಮಿಕ್ಕ ಪ್ರಾಣಿಗಳನ್ನೂ ಕೊಲ್ಲಬಾರದೆಂದು ವಿಧಿಸುತ್ತದೆ. ಇಂತಹ ಜಾತಿ, ಇಂತಹ ದಿನ, ಇಂತಹ ಸ್ಥಳ ಎಂಬ ಮೂರು ಬಗೆಯ ನಿರ್ಬಂಧ ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲೇ ಸಿದ್ಧವಾಗಿತ್ತು. ಇಂದಿನ ಕಾಯಿದೆಗಳು ನಿಂತಿರುವುದೂ ಈ ಮೂರು ಕಾಲುಗಳ ಮೇಲೆಯೇ.

ಇನ್ನೊಬ್ಬನು ನಮ್ಮವನೇ, ಕಲ್ಯಾಣದ ಚಾಲುಕ್ಯ ಭೂಲೋಕಮಲ್ಲ ಸೋಮೇಶ್ವರ. ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಅವನು ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಅರಸನ ವಿನೋದಗಳನ್ನು ಹೇಳುವ ಭಾಗವೊಂದಿದೆ, ಅಲ್ಲಿ ‘ಮತ್ಸ್ಯವಿನೋದ’ಕ್ಕೂ ಸ್ಥಾನವುಂಟು. ಯಾವ ಮೀನು ಎಲ್ಲಿರುತ್ತದೆ, ಅದಕ್ಕೆ ಏನನ್ನು ಉಣಿಸಿ ಒಂದೆಡೆ ಪಳಗಿಸಬೇಕು, ದಾರ ಎಂತಹುದು, ಕೋಲು ಎಂತಹುದು, ಗಾಳಕ್ಕೆ ಏನನ್ನು ಸಿಕ್ಕಿಸಬೇಕು ಎಂಬುದೆಲ್ಲ ಅಲ್ಲಿದೆ. ಮತ್ಸ್ಯಶಾಸ್ತ್ರಜ್ಞ ಸುಂದರ್ ಲಾಲ್ ಹೋರಾ ಅವರು 1950 ಮತ್ತು 1951ರಲ್ಲಿ ಅಶೋಕನ ಶಾಸನವನ್ನೂ ಸೋಮೇಶ್ವರನ ಅಧ್ಯಾಯವನ್ನೂ ಒಂದರ ಹಿಂದೊಂದರಂತೆ ವಿವೇಚಿಸಿದರು. ಮೀನನ್ನು ಉಳಿಸುವ ವಿಧಿಯೂ ಮೀನು ಹಿಡಿಯುವ ವಿನೋದವೂ ನಮ್ಮ ಪರಂಪರೆಯಲ್ಲಿ ಅಕ್ಕಪಕ್ಕದಲ್ಲೇ ಇವೆ. ಗಾಳದ ಆಟ ಪರದೇಶದಿಂದ ಬಂದ ಚಟವೆಂದು ತಳ್ಳಿಹಾಕುವಂತಿಲ್ಲ.

ಬ್ರಿಟಿಷರ ಕಾಲದಲ್ಲಿ ಈ ಆಟಕ್ಕೆ ಹೊಸ ಪ್ರತಿಷ್ಠೆ ಬಂತು. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಎಚ್. ಎಸ್. ಥಾಮಸ್ 1873ರಲ್ಲಿ ಭಾರತದ ಗಾಳದ ಬೇಟೆಯನ್ನು ಕುರಿತು ಒಂದು ಹೆಸರಾಂತ ಪುಸ್ತಕವನ್ನು ಪ್ರಕಟಿಸಿದನು. 1897ರಲ್ಲಿ ಭಾರತೀಯ ಮೀನುಗಾರಿಕೆ ಕಾಯಿದೆ ಬಂತು. ಸಿಡಿಮದ್ದಿನಿಂದಲೋ ವಿಷದಿಂದಲೋ ಮೀನನ್ನು ಕೊಂದವನಿಗೆ ಎರಡು ತಿಂಗಳವರೆಗೆ ಸೆರೆ, ಇಲ್ಲವೆ 200 ರೂಪಾಯಿಯವರೆಗೆ ದಂಡ. ಆಗ ಕಾನೂನಿನ ಕೋಪವೆಲ್ಲ ಮದ್ದಿನ ಮೇಲೆ, ವಿಷದ ಮೇಲೆ. ಗಾಳವಂತೂ ಸಭ್ಯರ ಕೈಯ ಭೂಷಣವಾಗಿತ್ತು.

ಈ ದೃಷ್ಟಿ ಬದಲಾದದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ. ನಾನು ಕನ್ನಡದ ಅಧ್ಯಾಪಕನಾಗಿದ್ದವನು. ಕಾಯಿದೆಯನ್ನು ಓದುವಾಗಲೂ ಮೊದಲು ಕಣ್ಣು ಹೋಗುವುದು ಶಬ್ದಾರ್ಥದ ಕಡೆಗೆ. ಈ ಕಾಯಿದೆಯ ನಿಘಂಟು ನಮ್ಮ ನಿಘಂಟಿಗಿಂತ ಬೇರೆ. ನಮಗೆ ಮೀನು ಮೀನೇ. ಕಾಯಿದೆಯಲ್ಲಿ ಅದು ಮೊದಲಿನಿಂದಲೂ ವನ್ಯಜೀವಿ. 2002ರ ತಿದ್ದುಪಡಿಯ ನಂತರವಂತೂ ‘ಪ್ರಾಣಿ’ ಎಂಬ ಮಾತಿನ ವ್ಯಾಖ್ಯೆಯಲ್ಲೇ ಮೀನು ಸೇರಿತು. ಬೇಟೆಯೆಂದರೆ ನಾವು ಕೋವಿಯನ್ನು ನೆನೆಯುತ್ತೇವೆ. ಕಾಯಿದೆಯಲ್ಲಿ ಹಿಡಿಯುವುದೂ, ಎರೆಯೊಡ್ಡಿ ಸೆಳೆಯುವುದೂ, ಅದಕ್ಕಾಗಿ ಪ್ರಯತ್ನಿಸುವುದೂ ಬೇಟೆಯೇ. ಆಯುಧವೆಂದರೆ ನಮಗೆ ಕತ್ತಿ, ಈಟಿ. ಕಾಯಿದೆಯಲ್ಲಿ ಬಲೆಯೂ ಆಯುಧ, ಗಾಳವೂ ಆಯುಧ. ಲಿಖಿತ ಅನುಮತಿಯಿಲ್ಲದೆ ಆಯುಧದೊಡನೆ ವನ್ಯಜೀವಿಧಾಮವನ್ನು ಹೊಕ್ಕರೆ, ಒಂದು ಮೀನನ್ನೂ ಮುಟ್ಟದಿದ್ದರೂ ಅಪರಾಧ ಪೂರ್ಣವಾಯಿತು.

ಗುಬ್ಬಿಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ರಜೆಯಲ್ಲಿ ಮಗನನ್ನು ಕಾವೇರಿ ತೀರದ ಕಾಡಿಗೆ ಕರೆದೊಯ್ಯಬೇಕೆಂದಿದ್ದರು. ಮಗನಿಗೆಂದು ಒಳ್ಳೆಯ ಗಾಳದ ಕೋಲನ್ನೂ ಕೊಂಡಿದ್ದರು. “ಮೇಷ್ಟ್ರೇ, ಹಿಡಿದದ್ದನ್ನು ಮತ್ತೆ ನೀರಿಗೇ ಬಿಟ್ಟುಬಿಡುತ್ತೇವಲ್ಲ, ಅದೂ ತಪ್ಪೇ?” ಎಂದು ಕೇಳಿದರು. “ಬಿಡುವ ಮಾತು ಆಮೇಲಿನದಪ್ಪಾ. ಕೋಲಿನೊಡನೆ ಒಳಗೆ ಕಾಲಿಡುವುದೇ ತಪ್ಪು” ಎಂದೆ. ಅವರಿಗೆ ಅದು ವಿಚಿತ್ರವಾಗಿ ತೋರಿತು. ಶಿಕ್ಷೆಯ ಪ್ರಮಾಣವನ್ನು ಹೇಳಿದ ಮೇಲೆ ವಿಚಿತ್ರವೆನ್ನುವುದು ಹೋಗಿ ಗಾಬರಿಯಾಯಿತು.

ಆ ಪ್ರಮಾಣ ಹೀಗಿದೆ. ಸಾಮಾನ್ಯ ಉಲ್ಲಂಘನೆಗೆ 1972ರಲ್ಲಿ ಎರಡು ವರ್ಷಗಳವರೆಗೆ ಸೆರೆ ಅಥವಾ 2,000 ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ. 1991ರಲ್ಲಿ ಅದು ಮೂರು ವರ್ಷ, 25,000 ರೂಪಾಯಿಗೆ ಏರಿತು. 2022ರ ತಿದ್ದುಪಡಿಯಿಂದ ದಂಡದ ಮಿತಿ 1 ಲಕ್ಷ ರೂಪಾಯಿ. ಮೊದಲನೆಯ ಅನುಸೂಚಿಯ ಪ್ರಾಣಿಯನ್ನು ಬೇಟೆಯಾಡಿದರೆ, ಅಥವಾ ಬೇಟೆ ನಡೆದದ್ದು ವನ್ಯಜೀವಿಧಾಮ ಇಲ್ಲವೆ ರಾಷ್ಟ್ರೀಯ ಉದ್ಯಾನದೊಳಗಾದರೆ, ಮೂರು ವರ್ಷಕ್ಕೆ ಕಡಿಮೆಯಿಲ್ಲದೆ ಏಳು ವರ್ಷಗಳವರೆಗೆ ಸೆರೆಮನೆ. ಮೇಲೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಕೃತ್ಯಕ್ಕೆ ಬಳಸಿದ ಸಲಕರಣೆ, ವಾಹನ, ದೋಣಿ ಸರ್ಕಾರದ ಪಾಲಾಗಬಹುದು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ರಕ್ಷಣೆ ಎರಡು ಬಗೆ. ಒಂದು ಪ್ರಾಣಿಗೆ ಅಂಟಿದ ರಕ್ಷಣೆ. ಅದು ಎಲ್ಲಿ ಈಜಿದರೂ ಅದರೊಡನೆ ಹೋಗುತ್ತದೆ. 2001ರಲ್ಲಿ ತಿಮಿಂಗಿಲ ಶಾರ್ಕ್, ಕಡಲ ಕುದುರೆ, ಹವಳ ಮೊದಲಾದವು ಅನುಸೂಚಿಯನ್ನು ಸೇರಿದವು. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಬುಡದಲ್ಲಿ ಹವಳವನ್ನು ಮುರಿದವನು ‘ಇದು ಬಯಲು ಕಡಲು’ ಎಂದು ವಾದಿಸಿ ಪಾರಾಗುವಂತಿಲ್ಲ. ಇನ್ನೊಂದು ಸ್ಥಳಕ್ಕೆ ಅಂಟಿದ ರಕ್ಷಣೆ. ಎಲ್ಲೆಯ ಒಳಗೆ ಬಂದರೆ ಅತಿ ಸಾಮಾನ್ಯವಾದ ಮೀನಿಗೂ ಅಭಯವುಂಟು. 1982ರಲ್ಲಿ ಕಚ್ ಕೊಲ್ಲಿಯಲ್ಲಿ, 1986ರಲ್ಲಿ ಮನ್ನಾರ್ ಕೊಲ್ಲಿಯ ಇಪ್ಪತ್ತೊಂದು ದ್ವೀಪಗಳ ಸುತ್ತ, 1987ರಲ್ಲಿ ಕೊಂಕಣದ ಮಾಲ್ವಣದಲ್ಲಿ ಕಡಲಿಗೂ ಇಂತಹ ಎಲ್ಲೆಯನ್ನು ಎಳೆದರು.

ಎಲ್ಲೆ ಎಳೆದೊಡನೆ ಏಳುವ ಪ್ರಶ್ನೆ ಬೆಸ್ತರದು. ತಲೆಮಾರುಗಳಿಂದ ಅಲ್ಲೇ ಬಲೆ ಬೀಸಿ ಬದುಕಿದವನು ಎಲ್ಲಿಗೆ ಹೋಗಬೇಕು? ಮನ್ನಾರ್ ಕೊಲ್ಲಿಯಲ್ಲಿ ಕಡಲ ಪಾಚಿಯನ್ನು ಆಯ್ದು ಜೀವಿಸುವ ಹೆಂಗಸರು ಈ ಪ್ರಶ್ನೆಯನ್ನು ಕಣ್ಣೀರಿನಲ್ಲೇ ಕೇಳಿದ್ದಾರೆ. ಕಾಯಿದೆ ಇದನ್ನು ಪೂರ್ತಿ ಮರೆತಿಲ್ಲವೆಂಬುದು ಸಮಾಧಾನದ ಸಂಗತಿ. ಕಡಲಿನ ಭಾಗವನ್ನು ವನ್ಯಜೀವಿಧಾಮಕ್ಕೆ ಸೇರಿಸುವಾಗ ಸ್ಥಳೀಯ ಮೀನುಗಾರರ ವೃತ್ತಿಹಿತವನ್ನು ಕಾಯಲು ತಕ್ಕ ಏರ್ಪಾಡು ಮಾಡಿರಬೇಕು ಎಂಬ ಮಾತು ಅದರಲ್ಲಿದೆ. ‘ವೃತ್ತಿಹಿತ’ ಎಂಬ ಶಬ್ದವನ್ನು ಗಮನಿಸಿ. ವಿನೋದದ ಹಿತವನ್ನು ಕಾಯಬೇಕೆಂದು ಅಲ್ಲಿ ಹೇಳಿಲ್ಲ. ಹೊಟ್ಟೆಗೂ ಹೊತ್ತುಗಳೆಯುವಿಕೆಗೂ ಇರುವ ಭೇದವನ್ನು ಕಾಯಿದೆ ಕಂಡಿರುವುದು ಇಲ್ಲಿ. ನನಗೆ ಇದು ಸರಿಯೆಂದೇ ತೋರುತ್ತದೆ. ಮಳೆಗಾಲದ ಜೂನ್ 1ರಿಂದ ಜುಲೈ 31ರವರೆಗೆ, ಮೀನು ಮರಿ ಮಾಡುವ ಕಾಲವೆಂದು, ನಮ್ಮ ಕರಾವಳಿಯ ಯಂತ್ರದೋಣಿಗಳು ಅರುವತ್ತೊಂದು ದಿನ ದಡದಲ್ಲಿ ನಿಲ್ಲುತ್ತವೆ. ದುಡಿಯುವವನು ಎರಡು ತಿಂಗಳ ಸಂಪಾದನೆಯನ್ನು ಬಿಡುವಾಗ, ಆಡುವವನು ಒಂದು ಎಲ್ಲೆಯ ಹೊರಗೆ ನಿಲ್ಲಲಾರನೇ?

ಆದರೆ ಎದುರು ಪಕ್ಷದ ವಾದವೂ ಹಗುರವಾದದ್ದಲ್ಲ. ಅದಕ್ಕೆ ಕಾವೇರಿಯೇ ಸಾಕ್ಷಿ. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಗಳಲ್ಲಿ ಗಾಳದ ಶಿಬಿರಗಳಿದ್ದುವು. ಮಹಸೀರ್ ಎಂದು ಲೋಕವೂ ಬಿಳಿಮೀನೆಂದು ನಮ್ಮವರೂ ಕರೆಯುವ ಮಹಾಮತ್ಸ್ಯಕ್ಕಾಗಿ ದೇಶವಿದೇಶಗಳಿಂದ ಜನ ಬರುತ್ತಿದ್ದರು. ಗಾಳಕ್ಕೆ ಸಿಕ್ಕಿಸುತ್ತಿದ್ದುದು ಏನೆಂದು ಬಲ್ಲಿರಾ? ನಮ್ಮ ರಾಗಿಯ ಮುದ್ದೆ! ಹಿಡಿದ ಮೀನನ್ನು ತೂಗಿ, ಬರೆದುಕೊಂಡು, ಮತ್ತೆ ನೀರಿಗೆ ಬಿಡುತ್ತಿದ್ದರು. ಹಿಂದೆ ಕದ್ದು ಮೀನು ಹೊಡೆಯುತ್ತಿದ್ದವರಲ್ಲಿ ಕೆಲವರು ಶಿಬಿರಗಳಲ್ಲಿ ಸಂಬಳದ ಮಾರ್ಗದರ್ಶಕರಾದರು. ಗಾಳದವರ ಓಡಾಟವೇ ಸಿಡಿಮದ್ದಿನವರಿಗೆ ಅಂಜಿಕೆಯಾಗಿತ್ತು. 1998ರಿಂದ 2012ರವರೆಗಿನ ಗಾಲಿಬೋರೆಯ ದಾಖಲೆಯಲ್ಲಿ 23,620 ಗಂಟೆಗಳ ಗಾಳದ ಕಾಯುವಿಕೆ ಮತ್ತು 6,161 ಮಹಸೀರ್‌ಗಳ ಲೆಕ್ಕವಿದೆ. ಕಾಯಿದೆಯ ಅರ್ಥವನ್ನು ಬಿಗಿಗೊಳಿಸಿ ವನ್ಯಜೀವಿಧಾಮದೊಳಗಿನ ಗಾಳವನ್ನು ನಿಲ್ಲಿಸಿದಾಗ ಆ ದಾಖಲೆಯೂ ನಿಂತಿತು.

ಆ ಲೆಕ್ಕಪುಸ್ತಕ ಹೇಳಿದ ಸಂಗತಿ ಗಂಭೀರವಾದದ್ದು. ಹಿಡಿಯಲ್ಪಟ್ಟ ಮೀನುಗಳ ಸಂಖ್ಯೆ ಏರುತ್ತಿತ್ತು; ಆದರೆ ಏರುತ್ತಿದ್ದುದು ಮರಿಕೇಂದ್ರಗಳಿಂದ ತಂದು ಬಿಟ್ಟ ಹೊರಗಿನ ನೀಲಿ ರೆಕ್ಕೆಯ ಜಾತಿ. ಕಾವೇರಿಯ ಸ್ವಂತದ್ದಾದ, ಬೆನ್ನುಬ್ಬಿದ, ಕಿತ್ತಳೆ ರೆಕ್ಕೆಯ ಮಹಸೀರ್ ಕ್ಷೀಣಿಸುತ್ತ ಬಂದಿತ್ತು. ಅದರ ಶಾಸ್ತ್ರೀಯ ಹೆಸರು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಜಾತಿಯೆಂಬ ಪಟ್ಟಿಯನ್ನೂ ಸೇರಿತು. ಹೆಸರಿಡುವ ಹೊತ್ತಿಗೇ ಕೂಸಿಗೆ ಜೀವದಾಸೆ ಕುಂದಿತ್ತೆನ್ನಬೇಕು. ಇದಕ್ಕೆ ಗಾಳವೊಂದೇ ಕಾರಣವಲ್ಲ. ಹಿತಚಿಂತಕರು ತಂದು ಬಿಟ್ಟ ಮರಿಯೂ, ಅಣೆಕಟ್ಟೂ, ಸಿಡಿಮದ್ದೂ ಸೇರಿವೆ. ಗಾಳಿಗನನ್ನು ಸೆರೆಮನೆಗೆ ಕಳಿಸಿದ ಮಾತ್ರಕ್ಕೆ ಮೀನು ಬದುಕುವುದಿಲ್ಲ. ಗಾಳಿಗನು ಹೋದ ಮೇಲೆ ನದಿಯನ್ನು ನೋಡುವ ಕಣ್ಣು ಯಾರದು ಎಂಬುದಕ್ಕೆ ಸರ್ಕಾರ ಉತ್ತರ ಕೊಡಬೇಕು.

ಹಾಗಾದರೆ ಶಿಕ್ಷೆ ನ್ಯಾಯವೇ? ನ್ಯಾಯವೆಂದೇ ನನ್ನ ಅಭಿಪ್ರಾಯ. ಆದರೆ ಒಂದು ಷರತ್ತಿನ ಮೇಲೆ. ಆಸ್ಟ್ರೇಲಿಯದ ಮಹಾ ಹವಳದಿಬ್ಬದಲ್ಲಿ 2004ರ ಹೊತ್ತಿಗೆ, ಮೊದಲು ನೂರಕ್ಕೆ ಐದರಷ್ಟೂ ಇರದಿದ್ದ ನಿಷಿದ್ಧ ವಲಯವನ್ನು ನೂರಕ್ಕೆ ಮೂವತ್ತಮೂರಕ್ಕೆ ಹಿಗ್ಗಿಸಿದರು. ಅಲ್ಲಿ ವಿನೋದದ ಗಾಳಕ್ಕೂ ದಂಡವುಂಟು. ಆದರೆ ಯಾವ ನೀರಿನಲ್ಲಿ ಹಿಡಿಯಬಹುದು, ಯಾವುದರಲ್ಲಿ ಕೂಡದು ಎಂಬುದನ್ನು ಬಣ್ಣಬಣ್ಣವಾಗಿ ತೋರಿಸುವ ನಕ್ಷೆ ದೋಣಿಯವನ ಕೈಗೆ ದೊರೆಯುತ್ತದೆ. ನಮ್ಮಲ್ಲಿ ಕಾಡಿನ ಎಲ್ಲೆಗೆ ಕಲ್ಲುಗಳಿರಬಹುದು. ಹೊಳೆಯ ನಡುವೆ ಎಲ್ಲೆ ಎಲ್ಲಿದೆಯೆಂದು ಹೇಳುವವರು ಯಾರು? ಅಂಗಡಿಯಲ್ಲಿ ಗಾಳದ ಕೋಲನ್ನು ಕೊಳ್ಳುವವನಿಗೆ ಅದು ಒಂದೆಡೆ ಆಟದ ಸಾಮಾನು, ಇನ್ನೊಂದೆಡೆ ಆಯುಧ ಎಂದು ತಿಳಿಸುವವರು ಯಾರು?

ಗಾಳದ ಗುಣ ಕಾಣದಿರುವುದು. ಮೀನಿಗೆ ಕಾಣುವುದು ರಾಗಿಯ ಉಂಡೆ ಮಾತ್ರ. ಕಾನೂನಿನ ಗುಣ ಇದಕ್ಕೆ ವಿರುದ್ಧವಾಗಿರಬೇಕು, ದೂರದಿಂದಲೇ ಎಲ್ಲರಿಗೂ ಕಾಣಬೇಕು. ಮೂರು ವರ್ಷ ಸೆರೆಮನೆಯೆಂಬ ಮಾತನ್ನು ಗ್ರಂಥದ ಒಳಪುಟದಲ್ಲಿ ಬಚ್ಚಿಟ್ಟು, ನದಿಯ ದಡದಲ್ಲಿ ಬರಿಯ ಮರಳನ್ನೂ ನೆರಳನ್ನೂ ತೋರಿಸಿದರೆ, ಕಾನೂನೂ ಗಾಳವೇ ಆಗುತ್ತದೆ. ಅಶೋಕನು ತನ್ನ ನಿಷೇಧಗಳನ್ನು ಜನರಾಡುವ ಮಾತಿನಲ್ಲಿ ಕಲ್ಲಿನ ಕಂಬದ ಮೇಲೆ ಕೊರೆಯಿಸಿದನು. ನಮಗೆ ಕಲ್ಲಿನ ಕಂಬ ಬೇಕಾಗಿಲ್ಲ. ರಕ್ಷಿತ ನೀರಿನ ಪ್ರತಿಯೊಂದು ದಡದಲ್ಲಿ, ಕಡಲಿಗೆ ದೋಣಿ ಇಳಿಯುವ ಪ್ರತಿಯೊಂದು ಕಡವಿನಲ್ಲಿ, ಶುದ್ಧವಾದ ಕನ್ನಡದಲ್ಲಿ ಬರೆದ ಒಂದು ಹಲಗೆ ಸಾಕು: ಎಲ್ಲೆ ಇದು, ಒಳಗೆ ಗಾಳ ಕೂಡದು, ತಪ್ಪಿದರೆ ಶಿಕ್ಷೆ ಇಷ್ಟು. ಅದನ್ನು ಓದಿದ ಮೇಲೂ ಕೋಲನ್ನು ಬಿಚ್ಚಿದವನಿಗೆ ಶಿಕ್ಷೆಯಾದರೆ, ಅನ್ಯಾಯವಾಯಿತೆಂದು ಮರುಗುವವರ ಸಾಲಿನಲ್ಲಿ ನಾನಂತೂ ನಿಲ್ಲುವವನಲ್ಲ.